ಬ್ಯಾಂಕ್ ಮುಖ್ಯಸ್ಥರ ಪರಿಚಯ: ಯಾವ ವಿವರ ಬೇಕು, ಯಾವುದು ಬೇಡ

1916ರಲ್ಲಿ ಆರಂಭವಾದ ಸಾಂಗ್ಲಿ ಬ್ಯಾಂಕ್ 2007ರ ಏಪ್ರಿಲ್‌ನಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾಯಿತು. ಆಗ ಐಸಿಐಸಿಐ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಕೆ. ವಿ. ಕಾಮತ್. ಇಂಥವರ ಪರಿಚಯ ಬರೆಯುವಾಗ ಖಾಸಗಿ ವಿವರ ಎಷ್ಟಿರಬೇಕು?

ಅವರ ಕೆಲಸವನ್ನು ಅರಿಯಲು ನೆರವಾಗುವಷ್ಟು. ಜನನ 1947, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್, ಅಹಮದಾಬಾದಿನ ಐಐಎಂನಲ್ಲಿ ಮುಂದಿನ ಓದು, 1971ರಲ್ಲಿ ಐಸಿಐಸಿಐ ಸೇರ್ಪಡೆ, ನಡುವೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನಲ್ಲಿ ಸೇವೆ, 1996ರಿಂದ 2009ರವರೆಗೆ ಐಸಿಐಸಿಐ ಚುಕ್ಕಾಣಿ. ಹುಟ್ಟೂರೂ ಇರಲಿ, 1906ರಲ್ಲೇ ಕೆನರಾ ಬ್ಯಾಂಕ್ ಸ್ಥಾಪನೆಯಾದ ಊರದು. ನಮ್ಮ ಓದುಗರಿಗಾಗಿ ವಿಲೀನದ ಸಂಗತಿಯೂ ಇರಬೇಕು. ಇಲ್ಲಿನವರ ಪಾಸ್‌ಬುಕ್ಕಿನ ಮೇಲಿನ ಹೆಸರು ಬದಲಾದದ್ದು ಅದರಿಂದಲೇ.

ಮನೆ ವಿಳಾಸ, ಫೋನ್ ನಂಬರು, ಕಾಯಿಲೆ, ಜಾತಿ-ಒಳಪಂಗಡ, ಮಕ್ಕಳ ಮದುವೆಯ ಸುದ್ದಿ ಬೇಡ.

ಕುಟುಂಬದ ವಿಷಯದಲ್ಲಿ ಒಂದು ವಿನಾಯಿತಿ ಉಂಟು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 20ನೇ ಕಲಮು, ನಿರ್ದೇಶಕರಿಗೆ ಹಿತಾಸಕ್ತಿಯಿರುವ ಸಂಸ್ಥೆಗಳಿಗೆ ಅದೇ ಬ್ಯಾಂಕ್ ಸಾಲ ಕೊಡುವುದನ್ನು ನಿರ್ಬಂಧಿಸುತ್ತದೆ. ಯಾವುದೇ ಬ್ಯಾಂಕಿನ ಮುಖ್ಯಸ್ಥರ ಮನೆಯವರ ವ್ಯವಹಾರಕ್ಕೂ ಆ ಬ್ಯಾಂಕಿಗೂ ನಂಟಿರುವುದು ದಾಖಲೆಯಲ್ಲಿದ್ದರೆ ಅದು ಖಾಸಗಿಯಲ್ಲ. ಅಲ್ಲಿರುವುದು ಠೇವಣಿದಾರರ ಹಣ.

ನಮ್ಮ ಪುಟಕ್ಕೆ ಪರಿಚಯ ಬರೆದು ಕಳಿಸುವ ಸದಸ್ಯರು ದಯವಿಟ್ಟು ಇದೇ ಅಳತೆಗೋಲು ಬಳಸಬೇಕಾಗಿ ವಿನಂತಿ.

— ಕಾರ್ಯದರ್ಶಿ