ತಿಪ್ಪೆಯಿಂದ ಬಾವಡಿಗೆ: ನಮ್ಮ ಕಸ ಹಿಡಿದ ದಾರಿ

ಮನೆಯ ಕಸ ಹೊರಗೆ ಚೆಲ್ಲಿದ ಮೇಲೆ ಎಲ್ಲಿಗೆ ಹೋಗುತ್ತದೆ? ಟಿಕೋಟಾ, ಬಬಲೇಶ್ವರ ಕಡೆಯ ಹಿರಿಯರಿಗೆ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು: ತಿಪ್ಪೆಗೆ, ಅಲ್ಲಿಂದ ಹೊಲಕ್ಕೆ.

ಆಗ ಬಿಸಾಡುವಂಥದ್ದೇ ಕಡಿಮೆ. ಹರಿದ ಸೀರೆ ಕೌದಿಯಾಗುತ್ತಿತ್ತು. ಒಲೆಯ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದರು. ಉಳಿದ ರೊಟ್ಟಿ ದನಕ್ಕೋ ನಾಯಿಗೋ ಹೋಗುತ್ತಿತ್ತು. ಸಗಣಿ, ಅಂಗಳದ ಕಸ, ದನ ತಿಂದು ಬಿಟ್ಟ ಕಣಿಕೆ ಎಲ್ಲ ತಿಪ್ಪೆ ಸೇರಿ ಕೊಳೆತು, ಬೇಸಿಗೆಯಲ್ಲಿ ಚಕ್ಕಡಿ ಏರಿ ಎರಿ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ಪೂಜೆ ಮಾಡುವ ಊರುಗಳು ನಮ್ಮ ನಾಡಿನಲ್ಲಿ ಇಂದಿಗೂ ಇವೆ. ಬ್ರಿಟಿಷ್ ವಿಜ್ಞಾನಿ ಅಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ಕಸ, ಸಗಣಿ, ಮಣ್ಣು ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ವಿಧಾನ ರೂಪಿಸಿದರು. ಜಗತ್ತು ಅದನ್ನು 'ಇಂದೋರ್ ಪದ್ಧತಿ' ಎಂದು ಕರೆಯಿತು. ನಮ್ಮ ರೈತರಿಗೆ ಅದರ ಮೂಲ ಹೊಸದೇನಲ್ಲ.

ವಿಜಯಪುರ ನಗರದ ಕಥೆ ಬೇರೆ. ಆದಿಲಶಾಹಿಗಳು ಊರಿನ ತುಂಬ ಬಾವಡಿಗಳನ್ನು ಕಟ್ಟಿಸಿದ್ದರು. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ತಾಜ್ ಬಾವಡಿ 1620ರದು. ಜನ ಅಲ್ಲಿ ನೀರು ತುಂಬಿಕೊಳ್ಳುತ್ತಿದ್ದಷ್ಟು ಕಾಲ ಅದು ಸ್ವಚ್ಛವಾಗಿತ್ತು. ಮನೆಗೆ ನಲ್ಲಿ ಬಂತು, ಬಾವಡಿ ಕಡೆ ಹೋಗುವವರು ಕಡಿಮೆಯಾದರು. ಯಾರಿಗೂ ಬೇಡವಾದ ತಗ್ಗು ಕಸಕ್ಕೆ ಸುಲಭದ ಜಾಗವಾಯಿತು. ಮನೆ ಕಸ, ಪ್ಲಾಸ್ಟಿಕ್ ಚೀಲ, ಗಣಪತಿ ಮೂರ್ತಿ ಎಲ್ಲ ಅದೇ ನೀರಿಗೆ ಬಿದ್ದವು. ಸುಮಾರು 400 ವರ್ಷದ ಜಲಮೂಲ ಕೊಳೆತು ನಾರಿತು. ಕಳೆದ ದಶಕದಲ್ಲಿ ಹಳೆಯ ಬಾವಡಿಗಳ ಹೂಳು, ಕಸ ತೆಗೆಸಲು ಸರ್ಕಾರವೇ ಮುಂದೆ ಬರಬೇಕಾಯಿತು.

ದಾರಿ ತಪ್ಪಿಸಿದ್ದು ಮುಖ್ಯವಾಗಿ ಪ್ಲಾಸ್ಟಿಕ್. 1933ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪಾಲಿಥಿನ್ ತಿಪ್ಪೆಯಲ್ಲಿ ಕೊಳೆಯುವುದಿಲ್ಲ. ಗೊಬ್ಬರದ ಜೊತೆ ಹೊಲಕ್ಕೆ ಹೋದರೆ ಮಣ್ಣಿನಲ್ಲೇ ಉಳಿಯುತ್ತದೆ. ದನ ತಿಂದರೆ ಹೊಟ್ಟೆಯಲ್ಲಿ ಗಂಟು ಕಟ್ಟುತ್ತದೆ. ಸುಟ್ಟರೆ ವಿಷದ ಹೊಗೆ. ಹಸಿ ಕಸದ ಜೊತೆ ರಾಶಿ ಹಾಕಿದರೆ ಕೊಳೆತ ರಸ ನೆಲಕ್ಕಿಳಿದು ಬಾವಿ, ಬೋರ್‌ವೆಲ್ ನೀರು ಕೆಡುತ್ತದೆ. ಅದಕ್ಕೇ 2016ರ ಘನತ್ಯಾಜ್ಯ ನಿಯಮ ಹಸಿ, ಒಣ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕೆಂದು ಹೇಳಿತು.

ಈಗ ಟಿಕೋಟಾ, ಬಬಲೇಶ್ವರ ತಾಲ್ಲೂಕು ಕೇಂದ್ರಗಳಾಗಿವೆ. ಅಂಗಡಿ ಹೆಚ್ಚಿವೆ, ಪೊಟ್ಟಣಗಳೂ ಹೆಚ್ಚಿವೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಬರಗಾಲದ ಈ ಸೀಮೆಗೆ ಕೃಷ್ಣೆಯ ನೀರು ಬಂದಿದೆ. ಹಳ್ಳ, ಕೆರೆದಂಡೆಯಲ್ಲಿ ಕಸ ಸುರಿದರೆ ತಾಜ್ ಬಾವಡಿಗೆ ಆದದ್ದೇ ನಮ್ಮ ಕೆರೆಗಳಿಗೂ ಆಗುತ್ತದೆ.

ಹಸಿ ಕಸಕ್ಕೆ ಹಿತ್ತಲಿನ ತಿಪ್ಪೆ ಇಂದಿಗೂ ಸಾಕು. ಒಣ ಕಸವನ್ನು ಬೇರೆ ಚೀಲದಲ್ಲಿಟ್ಟು ಪಂಚಾಯಿತಿಯ ಸ್ವಚ್ಛ ವಾಹಿನಿಗೆ ಕೊಡಿ. ಆ ಗಾಡಿ ಕಸವನ್ನು ಎಲ್ಲಿ ಇಳಿಸುತ್ತದೆ, ಅಲ್ಲಿ ಬೇರ್ಪಡಿಸುತ್ತಾರೋ ಇಲ್ಲವೋ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ.