ಆಕಾಶದಿಂದ ಬಿದ್ದ ಬೀಜಗಳು

2025ರ ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ನೆರೆಮನೆಯ ರಾಯರು ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಯ ಮೆಟ್ಟಿಲು ಹತ್ತಿದರು.

"ನೋಡಿದಿರಾ ಸ್ವಾಮಿ? ಬೆನ್ನು ಎಂಬ ಕ್ಷುದ್ರಗ್ರಹದಿಂದ ತಂದ ಮಣ್ಣಿನಲ್ಲಿ ಸಾವಯವ ವಸ್ತು ಸಿಕ್ಕಿದೆಯಂತೆ. ಅಂತೂ ಅಲ್ಲಿಯೂ ಜೀವವಿತ್ತು ಎಂದಾಯಿತು!"

ಈ ಬೆನ್ನು ನಮ್ಮ ಕನ್ನಡದ ಬೆನ್ನಲ್ಲ, ಪ್ರಾಚೀನ ಈಜಿಪ್ಟಿನ ಪುರಾಣದ ಒಂದು ಹಕ್ಕಿಯ ಹೆಸರು ಎಂದು ಹೇಳಿ ಅವರನ್ನು ಕೂರಿಸಿದೆ. ಅವರ ಉತ್ಸಾಹಕ್ಕೆ ತಣ್ಣೀರೆರಚಲು ನನಗೆ ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಸುದ್ದಿಯನ್ನು ಓದಿದಾಗ ನನಗೂ ದೂರದ ನೆಂಟರಿಂದ ಕಾಗದ ಬಂದಷ್ಟು ಸಂತೋಷವಾಗಿತ್ತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಈ ಸಂತೋಷ ಹಿಂದೆ ಎಂತೆಂಥವರನ್ನು ದಾರಿ ತಪ್ಪಿಸಿದೆಯೆಂಬುದನ್ನು ಬಲ್ಲೆ.

ಮೊದಲ ತೊಡಕು ಆ ಶಬ್ದದಲ್ಲೇ ಇದೆ. ಸಾವಯವ ಎಂದರೆ ಅವಯವಗಳಿಂದ ಕೂಡಿದ್ದು. ರಾಯರ ಮನೆಗೆ ಬರುವ ಬೆಲ್ಲವೂ ಸಾವಯವ, ಕ್ಷುದ್ರಗ್ರಹದ ಮಣ್ಣೂ ಸಾವಯವ! ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಸ್ವೀಡನ್ನಿನ ಬರ್ಜೀಲಿಯಸ್‌ನಂಥ ಪಂಡಿತರು ರಸಾಯನಶಾಸ್ತ್ರವನ್ನು ಕಟ್ಟುತ್ತಿದ್ದ ಕಾಲದಲ್ಲಿ, ಇಂಥ ವಸ್ತುಗಳು ಪ್ರಾಣಿಗಳ ಅಥವಾ ಸಸ್ಯಗಳ ದೇಹದಲ್ಲಿ ಮಾತ್ರ ಹುಟ್ಟಬಲ್ಲವು ಎಂದು ನಂಬಿದ್ದರು. 1828ರಲ್ಲಿ ಅವನ ಶಿಷ್ಯನಾದ ಜರ್ಮನಿಯ ವೋಲರನು ಮೂತ್ರದಲ್ಲಿರುವ ಯೂರಿಯವನ್ನು ಮೂತ್ರಪಿಂಡದ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದನು. ನಂಬಿಕೆ ಮೆಲ್ಲಮೆಲ್ಲನೆ ಅಳಿಯಿತು, ಶಬ್ದ ಮಾತ್ರ ಉಳಿಯಿತು. ಈಗ ಸಾವಯವ ವಸ್ತು ಎಂದರೆ ಇಂಗಾಲದ ಸಂಯುಕ್ತ, ಅಷ್ಟೆ.

ಆಕಾಶದಿಂದ ಬೀಳುವ ಕಲ್ಲುಗಳಲ್ಲಿಯೂ ಇಂಥ ಇಂಗಾಲದ ವಸ್ತು ಇದೆಯೆಂಬುದು ಬಹಳ ಹಿಂದೆಯೇ ತಿಳಿದಿತ್ತು. 1806ರಲ್ಲಿ ಫ್ರಾನ್ಸಿನ ಅಲೇ ಎಂಬಲ್ಲಿ ಬಿದ್ದ ಉಲ್ಕಾಶಿಲೆಯನ್ನು ಬರ್ಜೀಲಿಯಸನು 1834ರಲ್ಲಿ ಪರೀಕ್ಷಿಸಿದನು. ಇಂಗಾಲವೇನೋ ಇತ್ತು, ಆದರೆ ಅಲ್ಲಿ ಜೀವಿಗಳಿದ್ದುವೆಂದು ಹೇಳಲು ಅದು ಸಾಲದು ಎಂದು ಗುರು ಎಚ್ಚರಿಕೆಯಿಂದ ನಿಂತನು. ವಿನೋದವೆಂದರೆ, 1857ರಲ್ಲಿ ಹಂಗೆರಿಯ ಕಾಬಾ ಎಂಬಲ್ಲಿ ಬಿದ್ದ ಕಲ್ಲನ್ನು ಪರೀಕ್ಷಿಸಿದ ವೋಲರನು, ಅದರೊಳಗಿನ ವಸ್ತು ಜೀವಿಗಳಿಂದಲೇ ಬಂದಿರಬೇಕೆಂದು ಬಗೆದನು. ಯೂರಿಯಕ್ಕೆ ದೇಹ ಬೇಡವೆಂದು ತೋರಿಸಿದವನೇ ಆಕಾಶದ ಕಲ್ಲಿಗೆ ದೇಹವನ್ನು ಹುಡುಕಿದನು.

ಇನ್ನು ನನಗೆ ಬಹು ಪ್ರಿಯವಾದ ಕಥೆಗೆ ಬರುತ್ತೇನೆ. 1864ರ ಏಪ್ರಿಲ್ 7ರಂದು ಲೂಯಿ ಪಾಶ್ಚರನು ಪ್ಯಾರಿಸಿನಲ್ಲಿ ಒಂದು ಉಪನ್ಯಾಸ ಮಾಡಿದನು. ಸೂಕ್ಷ್ಮಜೀವಿಗಳು ಕೂಡ ಜೀವಿಯಿಂದಲೇ ಹುಟ್ಟುತ್ತವೆ, ಜಡದಿಂದ ತಾವಾಗಿ ಹುಟ್ಟುವುದಿಲ್ಲ ಎಂಬುದು ಅವನ ವಾದ. ಊರೆಲ್ಲ ಅದೇ ಮಾತು. ಐದು ವಾರ ಕಳೆಯಿತು. ಮೇ 14ರ ಸಂಜೆ ಫ್ರಾನ್ಸಿನ ದಕ್ಷಿಣದ ಓರ್ಗೆಯ್ ಎಂಬ ಹಳ್ಳಿಯ ಸುತ್ತ ಉಲ್ಕೆಗಳು ಸುರಿದುವು. ಅವು ಚಾಕುವಿನಿಂದ ಕೊಯ್ಯುವಷ್ಟು ಮೆತ್ತನೆಯ ಕಪ್ಪು ಕಲ್ಲುಗಳು. ತುದಿಯನ್ನು ಚೂಪುಮಾಡಿ ಸೀಸದ ಕಡ್ಡಿಯಂತೆ ಬರೆಯಬಹುದಾಗಿತ್ತು. ಕ್ಲೊಯೆಝ್ ಎಂಬ ರಸಾಯನಜ್ಞನು ಪರೀಕ್ಷಿಸಿದಾಗ, ಜೌಗುನೆಲದಲ್ಲಿ ಸಸ್ಯಗಳು ಕೊಳೆತು ಆಗುವ ಕಪ್ಪು ಮಣ್ಣನ್ನು ಹೋಲುವ ವಸ್ತು ಅದರಲ್ಲಿ ಕಂಡಿತು. ಚೂರುಗಳು ವಸ್ತುಸಂಗ್ರಹಾಲಯಗಳಿಗೆ ಹೋದವು, ಒಂದಿಷ್ಟು ಮೊಂಟೊಬಾನ್ ನಗರದಲ್ಲಿ ಗಾಜಿನ ಭರಣಿಯನ್ನು ಸೇರಿತು.

ಸುಮಾರು ನೂರು ವರ್ಷಗಳ ಮೇಲೆ, 1961ರಲ್ಲಿ, ಅಮೆರಿಕದಲ್ಲಿ ಕ್ಲೌಸ್ ಮತ್ತು ನಾಗಿ ಎಂಬ ಇಬ್ಬರು ಓರ್ಗೆಯ್ ಮೊದಲಾದ ಉಲ್ಕೆಗಳಲ್ಲಿ ಜೀವಿಗಳ ಪಳೆಯುಳಿಕೆಯಂಥ ಕಣಗಳನ್ನು ಕಂಡೆವೆಂದು ಪ್ರಕಟಿಸಿದರು. ಕೋಲಾಹಲವೆದ್ದಿತು. ಷಿಕಾಗೊದ ಎಡ್ವರ್ಡ್ ಆಂಡರ್ಸ್ ಮತ್ತು ಫ್ರಾಂಕ್ ಫಿಚ್ ಪಟ್ಟುಹಿಡಿದು ನೋಡಿದಾಗ, ಕೆಲವು ಕಣಗಳು ನಮ್ಮ ಭೂಮಿಯ ಕಳೆಗಿಡದ ಪರಾಗವೇ ಎಂದು ತೋರಿತು. ಇನ್ನು ಹಲವು ಬರಿಯ ಖನಿಜದ ಹರಳುಗಳು.

ಆಗ ಮೊಂಟೊಬಾನಿನ ಭರಣಿಯ ಸರದಿ ಬಂತು. 1964ರಲ್ಲಿ ಆಂಡರ್ಸ್ ಮತ್ತು ಸಂಗಡಿಗರು ಅದರ ಒಂದು ಚೂರನ್ನು ಒಡೆದು ನೋಡಿದರೆ, ಒಳಗೆ ಬೀಜಗಳು! ಹೊಳೆಯ ದಡದಲ್ಲಿ ಬೆಳೆಯುವ ಜೊಂಡಿನ ಬೀಜಗಳು, ಜೊತೆಗೆ ಕಲ್ಲಿದ್ದಲಿನ ಚೂರು, ಮತ್ತು ಇವೆಲ್ಲವನ್ನೂ ಹಿಡಿದಿಟ್ಟ ಅಂಟು. ಯಾರೋ ಪುಣ್ಯಾತ್ಮ ಕಲ್ಲನ್ನು ನೆನೆಸಿ, ಬೀಜಗಳನ್ನು ತುರುಕಿ, ಮೇಲೆ ಅಂಟು ಬಳಿದು, ಸುಟ್ಟ ಹೊರಸಿಪ್ಪೆಯಂತೆ ಕಾಣುವ ಹಾಗೆ ಮಾಡಿದ್ದ. ಪಾಶ್ಚರನ ವಾದದ ಕಾವಿನಲ್ಲಿ ಪಂಡಿತರನ್ನು ಬೇಸ್ತು ಬೀಳಿಸಲು ಹೂಡಿದ ಆಟವಿರಬೇಕೆಂದು ಆಂಡರ್ಸ್ ಊಹಿಸಿದರು. ಆ ಕುಚೋದ್ಯಗಾರ ಯಾರೋ ಇಂದಿಗೂ ಗೊತ್ತಿಲ್ಲ. ಪಾಪ, ಅವನ ಗುಂಡಿಗೆ ಯಾರೂ ಬೀಳಲಿಲ್ಲ. ನೂರು ವರ್ಷ ಆ ಚೂರನ್ನು ಯಾರೂ ಒಡೆದು ನೋಡಿರಲೇ ಇಲ್ಲ.

ಹೀಗಿರಲು, ಕಲ್ಲಿನಲ್ಲಿ ಸಿಕ್ಕಿದ್ದು ಆಕಾಶದ್ದೋ, ಮುಟ್ಟಿದವರ ಕೈಯದೋ ಎಂದು ತಿಳಿಯುವುದು ಹೇಗೆ? ಉಪಾಯವನ್ನು ಕೊಟ್ಟಿದ್ದವನು ಅದೇ ಪಾಶ್ಚರ್. 1848ರಲ್ಲಿ, ಇನ್ನೂ ಇಪ್ಪತ್ತಾರು ತುಂಬಿರಲಿಲ್ಲ ಅವನಿಗೆ, ದ್ರಾಕ್ಷಾಮ್ಲದ ಲವಣವೊಂದರ ಹರಳುಗಳನ್ನು ಒಂದೊಂದಾಗಿ ಆರಿಸಿ ಎರಡು ರಾಶಿ ಮಾಡಿದ್ದನು. ಎಡಗೈ ಬಲಗೈಗಳಂತೆ ಅವು ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬಗಳು. ಅಣುಗಳಿಗೂ ಎಡಬಲಗಳುಂಟೆಂದು ಅದರಿಂದ ತಿಳಿಯಿತು. ನಮ್ಮ ದೇಹದ ಪ್ರೋಟೀನುಗಳನ್ನು ಕಟ್ಟಿರುವ ಅಮೈನೋ ಆಮ್ಲಗಳು ಎಡಗೈಯವು. ಜೀವವಿಲ್ಲದೆ ಹುಟ್ಟಿದುವಾದರೋ ಎರಡೂ ಸರಿಸುಮಾರು ಸಮವಾಗಿರುತ್ತವೆ.

1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯದ ಮರ್ಚಿಸನ್ ಎಂಬ ಸಣ್ಣ ಊರಿನಲ್ಲಿ ನೂರು ಕಿಲೋಗ್ರಾಮಿಗೂ ಮೀರಿ ಉಲ್ಕೆಗಳು ಬಿದ್ದುವು. ಚಂದ್ರನ ಕಲ್ಲುಗಳಿಗೆಂದು ಅಮೆರಿಕದಲ್ಲಿ ಅತಿ ಶುದ್ಧವಾದ ಪ್ರಯೋಗಶಾಲೆಗಳು ಆಗಷ್ಟೇ ಸಿದ್ಧವಾಗಿದ್ದುವು. ಅಲ್ಲಿಯ ಒಂದು ತಂಡದ ಮುಂದಾಳು ಸಿರಿಲ್ ಪೊನ್ನಂಪೆರುಮ, ಸಿಂಹಳದ ಗಾಲೆಯಲ್ಲಿ ಹುಟ್ಟಿ ನಮ್ಮ ಮದರಾಸು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪದವಿ ಪಡೆದವರು. 1970ರಲ್ಲಿ ಕ್ವೆನ್ವೋಲ್ಡೆನ್, ಪೊನ್ನಂಪೆರುಮ ಮೊದಲಾದವರು ಫಲಿತಾಂಶವನ್ನು ಪ್ರಕಟಿಸಿದರು. ಅಮೈನೋ ಆಮ್ಲಗಳಿದ್ದುವು, ಎಡಬಲಗಳು ಹೆಚ್ಚುಕಡಿಮೆ ಸಮವಾಗಿದ್ದುವು, ನಮ್ಮ ಪ್ರೋಟೀನುಗಳಲ್ಲಿ ಇಲ್ಲದ ಕೆಲವೂ ಇದ್ದುವು. ಅಂದಮೇಲೆ ಅವು ಯಾರ ಕೈಯ ಬೆವರೂ ಅಲ್ಲ, ಆಕಾಶದವೇ. ಆದರೆ ಯಾವ ಪ್ರಮಾಣದಿಂದ ಅವು ಆಕಾಶದವೆಂದು ಸಿದ್ಧವಾಯಿತೋ, ಅದೇ ಪ್ರಮಾಣವು ಅವು ಜೀವಿಯವಲ್ಲ ಎಂದೂ ಹೇಳಿತು!

ಬೆನ್ನುವಿನ ಕಥೆಯೂ ಹೀಗೆಯೇ. 2023ರ ಸೆಪ್ಟೆಂಬರ್ 24ರಂದು ಭೂಮಿಗೆ ಬಂದಿಳಿದದ್ದು 121.6 ಗ್ರಾಂ ಮಣ್ಣು. ಗಾಳಿ ತಗಲದಂತೆ ಸಾರಜನಕದ ನಡುವೆ ಅದನ್ನು ಕಾಪಾಡಿದರು. ನಮ್ಮ ಪ್ರೋಟೀನುಗಳ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ 14, ಡಿ.ಎನ್.ಎ. ಮತ್ತು ಆರ್.ಎನ್.ಎ.ಗಳ ಲಿಪಿಯ ಅಕ್ಷರಗಳಾದ 5 ಪ್ರತ್ಯಾಮ್ಲಗಳು, ಎಲ್ಲವೂ ಅದರಲ್ಲಿದ್ದುವು. ಎಡಬಲಗಳು ಇಲ್ಲಿಯೂ ಬಹುಮಟ್ಟಿಗೆ ಸಮ. 1997ರಲ್ಲಿ ಮರ್ಚಿಸನ್ ಕಲ್ಲಿನ ಕೆಲವು ಆಮ್ಲಗಳಲ್ಲಿ ಎಡದ್ದು ತುಸು ಹೆಚ್ಚೆಂದು ಕಂಡಿದ್ದರಿಂದ, ನಮ್ಮ ಎಡಗೈತನ ಆಕಾಶದಿಂದಲೇ ಬಂದ ಉಡುಗೊರೆಯಿರಬಹುದೆಂದು ಹಲವರು ಆಶಿಸಿದ್ದರು. ಬೆನ್ನು ಆ ಆಶೆಗೆ ಒತ್ತಾಸೆ ಕೊಡಲಿಲ್ಲ.

ರಾಯರು ಕಾಫಿ ಮುಗಿಸಿ ಲೋಟವನ್ನು ಕೆಳಗಿಟ್ಟರು. "ಹಾಗಾದರೆ ಅಲ್ಲಿ ಯಾರೂ ಇರಲಿಲ್ಲ ಅನ್ನಿ" ಎಂದರು, ತುಸು ಬೇಸರದಿಂದ.

"ಬೆನ್ನುವಿನ ಮಣ್ಣು ಹೇಳುವುದು ಇಷ್ಟೇ ರಾಯರೆ: ಅಚ್ಚುಮೊಳೆಗಳ ರಾಶಿ ಸಿಕ್ಕಿದೆ, ಪುಸ್ತಕ ಸಿಕ್ಕಿಲ್ಲ. ಆದರೆ ಮೊಳೆಗಳು ನಮ್ಮ ಭೂಮಿಯಲ್ಲಿ ಮಾತ್ರ ಎರಕವಾಗುವುದಿಲ್ಲ ಎಂದು ಗೊತ್ತಾಯಿತಲ್ಲ, ಅದೇನು ಕಡಮೆಯೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಜೊಂಡಿನ ಬೀಜ ಇಟ್ಟವನು ಮಾತ್ರ ಭಾರೀ ಕಿಲಾಡಿ" ಎಂದು ನಕ್ಕು ಎದ್ದರು. ಮೆಟ್ಟಿಲಿಳಿಯುವಾಗ ಪತ್ರಿಕೆಯ ಆ ಸುದ್ದಿಯನ್ನು ಬಿಡಿಸಿಕೊಂಡು ಮೊದಲಿನಿಂದ ಇನ್ನೊಮ್ಮೆ ಓದುತ್ತಿದ್ದುದನ್ನು ಕಂಡೆ.