ಹತ್ತಿರದ ಆಸ್ಪತ್ರೆ, ತಿಂಗಳ ಮಾತ್ರೆ: ಪೂರ್ವ ಬೆಂಗಳೂರಿನ ಆರೋಗ್ಯ ಸಮಾನತೆಯ ಲೆಕ್ಕದ ಬಗ್ಗೆ ಒಂದು ತಕರಾರು

ಆರೋಗ್ಯ ಸಮಾನತೆಯ ಮಾತು ಬಂದಾಗಲೆಲ್ಲ ಬೆಂಗಳೂರಿನ ಆಡಳಿತ ಮೊದಲು ಎಣಿಸುವುದು ಕಟ್ಟಡಗಳನ್ನು. 2023ರ ಫೆಬ್ರವರಿಯಲ್ಲಿ ನಗರದಲ್ಲಿ 108 ‘ನಮ್ಮ ಕ್ಲಿನಿಕ್’ಗಳು ಉದ್ಘಾಟನೆಗೊಂಡವು, ವಾರ್ಡಿಗೊಂದರಂತೆ 243 ಆಗಬೇಕೆಂಬುದು ಅಂದಿನ ಗುರಿ. ಬಡವರನ್ನು ಚಿಕಿತ್ಸೆಯಿಂದ ದೂರವಿಟ್ಟಿರುವುದು ಹಾದಿಯ ದೂರವೇ ಎಂಬ ನಂಬಿಕೆ ಈ ಲೆಕ್ಕದ ಹಿಂದಿದೆ. ಆ ನಂಬಿಕೆ ಪೂರ್ವ ಬೆಂಗಳೂರಿನ ಕಂಟೋನ್ಮೆಂಟಿನ, ಅಂದರೆ ದಂಡಿನ, ಮಟ್ಟಿಗೆ ನಿಲ್ಲುವುದು ಕಷ್ಟ.

ಚರಿತ್ರೆಯ ಬಗ್ಗೆ ಹೆಚ್ಚಿನ ಜಗಳವಿಲ್ಲ. 1809ರಲ್ಲಿ ನೆಲೆಗೊಂಡ ದಂಡುಪ್ರದೇಶ, 1898ರ ಪ್ಲೇಗು, ಅದರ ಬೆನ್ನಿಗೆ ಎದ್ದ ಫ್ರೇಜರ್ ಟೌನ್, 1949ರಲ್ಲಿ ಪೇಟೆ-ದಂಡುಗಳ ವಿಲೀನ ಇವೆಲ್ಲ ತಿಳಿದ ಸಂಗತಿಗಳೇ. ಜಾನಕಿ ನಾಯರ್ (2005) ಮತ್ತು ಜೇಮ್ಸ್ ಹೈಟ್ಜ್‌ಮನ್ (2004) ಈ ನಗರದ ಬೆಳವಣಿಗೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ಪೇಟೆ ಮತ್ತು ದಂಡು ಎಂಬ ಎರಡು ನಗರಗಳ ಚಿತ್ರವನ್ನು ಆರೋಗ್ಯಕ್ಕೆ ಹಾಗೆಯೇ ಅನ್ವಯಿಸಿದರೆ ದಂಡಿನೊಳಗಿನ ಬಿರುಕು ಮರೆಯಾಗುತ್ತದೆ. ದಂಡಿಗೇ ಸೇರಿದ ಶಿವಾಜಿನಗರದ ಮಾರುಕಟ್ಟೆಯ ಮಗ್ಗುಲಲ್ಲೇ 1868ರಿಂದ ಬೌರಿಂಗ್ ಆಸ್ಪತ್ರೆ ಇದೆ. ಅಲ್ಲಿಯ ಬಡವರಿಗೆ ಆಸ್ಪತ್ರೆಯೇ ಇರಲಿಲ್ಲ ಎನ್ನಲಾಗದು.

ಹಾಗಾದರೆ ತೊಡಕು ಎಲ್ಲಿದೆ? ಉತ್ತರದ ಒಂದು ಭಾಗ ಟ್ಯಾನರಿ ರಸ್ತೆಯ ಆಚೆಯ ಕಾಡುಗೊಂಡನಹಳ್ಳಿಯಲ್ಲಿ ಸಿಗುತ್ತದೆ. 2009-10ರಲ್ಲಿ ಉಪೇಂದ್ರ ಭೋಜಾನಿ ಮತ್ತು ಸಹಸಂಶೋಧಕರು ಅಲ್ಲಿ ಮನೆಮನೆ ಸಮೀಕ್ಷೆ ನಡೆಸಿದರು. ಸಕ್ಕರೆ ಕಾಯಿಲೆ, ಬಿ.ಪಿ.ಯಂಥ ದೀರ್ಘಕಾಲಿಕ ಕಾಯಿಲೆಯಿದ್ದ 3,202 ಕುಟುಂಬಗಳ ಲೆಕ್ಕವನ್ನು 2012ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಶೇ. 69.6ರಷ್ಟು ಹೊರರೋಗಿ ಚಿಕಿತ್ಸೆಗೆ ಕೈಯಿಂದಲೇ ಹಣ ತೆತ್ತಿದ್ದವು. ಶೇ. 16ರಷ್ಟು ಆದಾಯದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿದ್ದವು. ಒಂದೇ ತಿಂಗಳಲ್ಲಿ ಈ ಖರ್ಚು ಬಡತನ ರೇಖೆಯ ಕೆಳಗಿನವರ ಸಂಖ್ಯೆಯನ್ನು ಇಮ್ಮಡಿಗೊಳಿಸಿತ್ತು. ಗಮನಿಸಬೇಕಾದ ಇನ್ನೊಂದು ಅಂಶ: ದೊಡ್ಡ ರೆಫರಲ್ ಆಸ್ಪತ್ರೆಗಳಲ್ಲಿ ತೋರಿಸಿಕೊಂಡ ಕುಟುಂಬಗಳೇ ಹೆಚ್ಚು ನಲುಗಿದ್ದವು. ಅವೆಲ್ಲ ಸರ್ಕಾರಿ ಆಸ್ಪತ್ರೆಗಳೆಂದು ಇದರಿಂದ ತೀರ್ಮಾನಿಸಬಾರದು. ದೊಡ್ಡ ಆಸ್ಪತ್ರೆ ತಲುಪಿದ ಮಾತ್ರಕ್ಕೆ ರಕ್ಷಣೆ ಸಿಗದು ಎಂಬಷ್ಟು ಮಾತ್ರ ಹೇಳಬಹುದು.

ಈ ಆಧಾರದ ಮೇಲೆ ಇಲ್ಲಿ ಮಂಡಿಸುವ ವಾದ ಇದು: ಶಿವಾಜಿನಗರದಿಂದ ಕಾಡುಗೊಂಡನಹಳ್ಳಿಯವರೆಗಿನ ಪಟ್ಟಿಯಲ್ಲಿ ಅಸಮಾನತೆಯ ಮೊದಲ ಮೆಟ್ಟಿಲು ಆಸ್ಪತ್ರೆಯ ಹಾದಿಯಲ್ಲ, ಪ್ರತಿ ತಿಂಗಳ ಮಾತ್ರೆಯ ಚೀಟಿ. ವಾದಕ್ಕೆ ಮಿತಿಗಳುಂಟು. ಸಮೀಕ್ಷೆ ಒಂದೇ ವಾರ್ಡಿನದು. ಕಾಯಿಲೆಯ ವಿವರ ಮನೆಯವರು ಹೇಳಿದ್ದು. ದಂಡಿನ ಇನ್ನೊಂದು ಭಾಗವಾದ ಹಲಸೂರಿಗೆ ಅದನ್ನು ನೇರವಾಗಿ ಅನ್ವಯಿಸಲು ಆಧಾರವಿಲ್ಲ. ‘ನಮ್ಮ ಕ್ಲಿನಿಕ್’ ಬರುವ ಮೊದಲಿನ ಅಂಕಿಗಳಿವು ಎಂಬ ಆಕ್ಷೇಪವೂ ನ್ಯಾಯವೇ, ಏಕೆಂದರೆ ಅಲ್ಲಿ ಔಷಧಿ ಉಚಿತ. ಆದರೂ ಸ್ಟಾಕ್ ಇಲ್ಲದ ದಿನ ರೋಗಿ ಹೋಗುವುದು ಮೆಡಿಕಲ್ ಸ್ಟೋರಿಗೇ. ದಿನಗೂಲಿಯವರು ಕೆಲಸ ಮುಗಿಸಿ ಬರುವಷ್ಟರಲ್ಲಿ ಬಾಗಿಲು ಹಾಕುವ ಕ್ಲಿನಿಕ್ ಪಕ್ಕದ ಬೀದಿಯಲ್ಲಿದ್ದರೂ ಅವರಿಗೆ ದೂರವೇ. 2018ರ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯ ಒತ್ತು ಆಸ್ಪತ್ರೆಗೆ ದಾಖಲಾಗುವವರ ಮೇಲೆ. ತಿಂಗಳ ಮಾತ್ರೆ ಅದರ ಹೊರಗೇ ಉಳಿಯುತ್ತದೆ.

ಮಾತ್ರೆ ಕೈಗೆಟುಕದಿರಲು ಇನ್ನೊಂದು ಕಾರಣವೂ ಇದೆ, ಅದು ಕಡತದ್ದು. ಬೌರಿಂಗ್ ವೈದ್ಯಕೀಯ ಶಿಕ್ಷಣ ಇಲಾಖೆಯ ಕೈಯಲ್ಲಿದೆ. ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಆರೋಗ್ಯ ಇಲಾಖೆಯದು. ಹೆರಿಗೆ ಆಸ್ಪತ್ರೆಗಳನ್ನು ನಡೆಸಿಕೊಂಡು ಬಂದದ್ದು ಪಾಲಿಕೆ. ಒಬ್ಬ ರೋಗಿಗೆ ಮೂವರು ಯಜಮಾನರು. ಒಂದು ಕಡೆ ಬರೆದ ಮಾತ್ರೆ ಇನ್ನೊಂದು ಕಡೆ ಸಿಗುವಂತೆ ನೋಡಿಕೊಳ್ಳುವ ಹೊಣೆ ಯಾರದೆಂಬುದು ಮಾತ್ರ ಅಸ್ಪಷ್ಟ.

ಕೆ.ಆರ್. ಪುರದ ಮಾತು ಬೇರೆ. ನಗರಸಭೆಯಾಗಿದ್ದ ಅದು ಬೃಹತ್ ಬೆಂಗಳೂರಿಗೆ ಸೇರಿದ್ದು 2007ರಲ್ಲಿ. ಆಗಲೇ ಸೇರಿದ 110 ಹಳ್ಳಿಗಳಿಗೆ ನೀರು ಕೊಡಬೇಕಾದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ನಗರದ ಆ ಅಂಚಿನಲ್ಲಿ ದೂರದ ವಾದಕ್ಕೆ ಬಲವಿದೆ. ಕೊಳಾಯಿ ನೀರು ಅಲ್ಲಿ ಕ್ಲಿನಿಕ್ಕಿನಷ್ಟೇ ಆರೋಗ್ಯದ ವಿಷಯ. ಎರಡೂ ಕಡೆಗೆ ಒಂದೇ ಅಳತೆಗೋಲು ಹಿಡಿಯುವುದು ಯೋಜನೆಯ ದೋಷವೆಂದೇ ಈ ಲೇಖಕನ ಅಭಿಪ್ರಾಯ.

ಬೃಹತ್ ಬೆಂಗಳೂರು ಪಾಲಿಕೆ ವಿಭಜನೆಯಾದ 2025ರ ಸೆಪ್ಟೆಂಬರಿನಿಂದ ಶಿವಾಜಿನಗರ ಕೇಂದ್ರ ನಗರ ಪಾಲಿಕೆಯಲ್ಲಿದೆ, ಕೆ.ಆರ್. ಪುರ ಪೂರ್ವ ನಗರ ಪಾಲಿಕೆಯಲ್ಲಿದೆ. ಕೆ.ಆರ್. ಪುರದಲ್ಲಿ ಮಲಗಿ ಶಿವಾಜಿನಗರದಲ್ಲಿ ದುಡಿಯುವವರ ಔಷಧಿಯ ಲೆಕ್ಕ ಯಾವ ಪಾಲಿಕೆಗೆ ಸೇರಬೇಕು ಎಂಬುದನ್ನು ಮುಂದಿನ ಅಧ್ಯಯನ ಕೇಳಬೇಕಿದೆ. ಕಾಡುಗೊಂಡನಹಳ್ಳಿಯ ಅದೇ ಬೀದಿಗಳಲ್ಲಿ ಅದೇ ಪ್ರಶ್ನೆಗಳೊಂದಿಗೆ ಸಮೀಕ್ಷೆಯನ್ನು ಮತ್ತೆ ನಡೆಸಿದರೆ, ಇಲ್ಲಿಯ ವಾದ ‘ನಮ್ಮ ಕ್ಲಿನಿಕ್’ ಕಾಲಕ್ಕೂ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಬಹುದು.